ಬೈಫೇಸಿಕ್ ಮೀಸೋಥೀಲಿಯೋಮಾ: ಸ್ಲೈಡ್‌ನಿಂದ ಪರಿಹಾರದ ಅರ್ಜಿವರೆಗೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮೀಸೋಥೀಲಿಯೋಮಾ ಶ್ವಾಸಕೋಶದ ಕ್ಯಾನ್ಸರ್ ಅಲ್ಲ. ಶ್ವಾಸಕೋಶದ ಸುತ್ತಲಿನ ತೆಳು ಪೊರೆಯಲ್ಲಿ, ಕೆಲವರಿಗೆ ಹೊಟ್ಟೆಯ ಪೊರೆಯಲ್ಲಿ, ಹುಟ್ಟುವ ಕ್ಯಾನ್ಸರ್ ಇದು. ಮುಖ್ಯ ಕಾರಣ ಆಸ್ಬೆಸ್ಟಾಸ್ ನಾರು. ಧೂಳು ಕುಡಿದ ಮೇಲೆ ಕಾಯಿಲೆ ಕಾಣಿಸಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ.

ಈಗ ಸೂಕ್ಷ್ಮದರ್ಶಕದ ಕೆಳಗೆ ಗಡ್ಡೆಯ ತುಣುಕಿನ ಸ್ಲೈಡ್ ನೋಡಿ. ಎಪಿಥೀಲಿಯಾಯ್ಡ್ ಜೀವಕೋಶಗಳು ದುಂಡಗೆ ಅಥವಾ ಚೌಕವಾಗಿ, ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಸಾರ್ಕೋಮಟಾಯ್ಡ್ ಜೀವಕೋಶಗಳು ನೂಲುವ ಕದಿರಿನ ಹಾಗೆ: ಉದ್ದ, ನಡುವೆ ದಪ್ಪ, ತುದಿ ಚೂಪು. ಎರಡೂ ಒಂದೇ ಗಡ್ಡೆಯಲ್ಲಿದ್ದರೆ ಬೈಫೇಸಿಕ್. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯಾದರೆ ಎರಡೂ ಬಗೆ ಕನಿಷ್ಠ ಶೇ. 10 ಇರಬೇಕು. ಬಯಾಪ್ಸಿಯಲ್ಲಿ ಸಿಗುವುದು ಚಿಕ್ಕ ತುಣುಕು ಅಲ್ವಾ? ಸೂಜಿ ಒಂದೇ ಬಗೆ ಇದ್ದ ಕಡೆ ಚುಚ್ಚಿದರೆ ರಿಪೋರ್ಟ್‌ನಲ್ಲಿ ಅದೊಂದೇ ಬರುತ್ತದೆ. ಮುಂದೆ ಆಪರೇಷನ್ ಆದ ಮೇಲೆ ಹೆಸರು ಬದಲಾದರೆ ಮನೆಯವರು ಗಾಬರಿಯಾಗುತ್ತಾರೆ. ಯಾರೋ ತಪ್ಪು ಮಾಡಿದರು ಅಂತಲ್ಲ, ನೋಡಿದ ತುಣುಕೇ ಅಷ್ಟು.

ಕದಿರಿನಂಥವು ಜಾಸ್ತಿ ಇದ್ದಷ್ಟೂ ಕಾಯಿಲೆ ಬೇಗ ಬಲಿಯುತ್ತದೆ, ಕೀಮೋಗೂ ಸುಲಭಕ್ಕೆ ಬಗ್ಗುವುದಿಲ್ಲ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನಿವೊಲುಮಾಬ್, ಇಪಿಲಿಮುಮಾಬ್ ಎಂಬ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ) ಔಷಧಗಳ ಜೋಡಿ ಇಂಥವರಿಗೇ ಹೆಚ್ಚು ನೆರವಾಗಿದೆ.

ಪರಿಹಾರದ ಲೆಕ್ಕವೇ ಬೇರೆ. ಅಲ್ಲಿ ಮುಖ್ಯ ಪ್ರಶ್ನೆ: ಎಲ್ಲಿ, ಯಾವಾಗ, ಯಾವ ಕಂಪನಿಯ ಮಾಲಿನ ಜೊತೆ ಕೆಲಸ ಮಾಡಿದಿರಿ? ಅಮೆರಿಕದಲ್ಲಿ ಆಸ್ಬೆಸ್ಟಾಸ್ ಮಾಲು ಮಾಡುತ್ತಿದ್ದ ಜಾನ್ಸ್-ಮ್ಯಾನ್‌ವಿಲ್ ಕಂಪನಿ 1982ರಲ್ಲಿ ದಿವಾಳಿ ಅರ್ಜಿ ಹಾಕಿತು. ಸಂತ್ರಸ್ತರಿಗೆ ಪರಿಹಾರ ಕೊಡಲು 1988ರಲ್ಲಿ ಟ್ರಸ್ಟ್ ಶುರುವಾಯಿತು. ಆಮೇಲೆ ಇಂಥ ಟ್ರಸ್ಟ್‌ಗಳು ಹತ್ತಾರು ಬಂದವು. ನಿಗದಿಯಾದ ಮೊತ್ತದಲ್ಲಿ ಅವು ಸಾಮಾನ್ಯವಾಗಿ ಒಂದು ಪಾಲು ಮಾತ್ರ ಕೊಡುತ್ತವೆ. ಇನ್ನೂ ನಡೆಯುತ್ತಿರುವ ಕಂಪನಿಯಾದರೆ ಕೋರ್ಟಿಗೆ ಹೋಗಬೇಕು. ಮಾಜಿ ಸೈನಿಕರಿಗೆ ಬೇರೆ ದಾರಿಯೂ ಇದೆ. ಕೇಸು ಹಾಕುವ ಗಡುವು ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೆ ಸಾಮಾನ್ಯವಾಗಿ ಎಣಿಕೆ ಶುರುವಾಗುವುದು ಕಾಯಿಲೆ ಗೊತ್ತಾದ ದಿನದಿಂದ.

ನಮ್ಮಲ್ಲಿ 1995ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಡಿ. ಆಸ್ಬೆಸ್ಟಾಸ್‌ನಿಂದ ಕಾಯಿಲೆ ಬಿದ್ದ ಕಾರ್ಮಿಕರಿಗೆ ತಲಾ 1 ಲಕ್ಷ ರೂಪಾಯಿ. ಜೊತೆಗೆ ಪ್ರತಿ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿವರೆಗೆ ಇಡಬೇಕು. ಸುಮ್ನೆ ಲೆಕ್ಕ ಹಾಕಿ: 20ಕ್ಕೆ ಸೇರಿ 58ಕ್ಕೆ ನಿವೃತ್ತರಾದವರ ದಾಖಲೆ ಅವರ 73ನೇ ವಯಸ್ಸಿನವರೆಗೆ ಇರಬೇಕು. 20ಕ್ಕೆ ಸೇರಿ 30ಕ್ಕೇ ಬಿಟ್ಟವರದ್ದು 60ಕ್ಕೆ ಮುಗಿಯಿತು. ಅವರಿಗೆ ಕಾಯಿಲೆ 65ಕ್ಕೂ ಬರಬಹುದು. ಆಗ ಕೈಯಲ್ಲಿ ಉಳಿಯುವುದು ಹಳೆಯ ಪಿಎಫ್ ಚೀಟಿ, ಸಂಬಳದ ರಸೀದಿ, ಇಲ್ಲವೇ ಅದೇ ಶಿಫ್ಟ್‌ನಲ್ಲಿ ಜೊತೆಗಿದ್ದವರ ಸಾಕ್ಷಿ.