ಹೂದಾನಿಗೆಂದೇ ಒಂದು ಹೂದೋಟ

ಅಂಗಳದ ಅಂದಕ್ಕೆ ಹೂ ಬೆಳೆಯುವವರು ಹೂವನ್ನಷ್ಟೇ ನೋಡಿದರೆ ಸಾಕು. ಹೂದಾನಿಗೆಂದು ಬೆಳೆಯುವವರು ದಂಟನ್ನೂ ಬೆಳೆಯಬೇಕು. ಗೇಣುದ್ದವೂ ಇಲ್ಲದ ದಂಟಿನ ತುದಿಯಲ್ಲಿ ಎಷ್ಟು ಚೆಂದದ ಹೂ ಅರಳಿದರೂ ಅದು ಹೂದಾನಿಯಲ್ಲಿ ನಿಲ್ಲುವುದಿಲ್ಲ. ದಂಟು ಉದ್ದ ಇರಬೇಕು, ನೆಟ್ಟಗಿರಬೇಕು, ಒಂದೇ ವಾರದಲ್ಲಿ ಎಲ್ಲ ಮುಗಿದುಹೋಗದೆ ಮತ್ತೆ ಮತ್ತೆ ಸಿಗಬೇಕು. ಹಾಗಾಗಿ ಕತ್ತರಿಯನ್ನು ಎಲ್ಲಿ, ಯಾವಾಗ ಹಾಕುತ್ತೇವೆ ಅನ್ನುವುದನ್ನು ಬೀಜ ಬಿತ್ತುವ ಮೊದಲೇ ಯೋಚಿಸಿಕೊಳ್ಳಬೇಕು.

ಜಾಗದ ಲೆಕ್ಕ ಸರಳ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು, ಎರಡೂ ಬದಿಯಿಂದ ಕೈಗೆಟುಕುವಷ್ಟೇ ಅಗಲದ ಪಾತಿ ಇರಬೇಕು. ಚೆನ್ನಾಗಿ ಕಳಿತ ಗೊಬ್ಬರ ಹಾಕಿ. ಸಾರಜನಕ ಮಾತ್ರ ಅತಿಯಾಗಬಾರದು. ಅತಿಯಾದರೆ ಎಲೆ ಸೊಂಪಾಗಿ ಬರುತ್ತದೆ, ದಂಟು ಮೆತ್ತಗಾಗುತ್ತದೆ, ಹೂ ತಡವಾಗುತ್ತದೆ.

ನಿಜವಾದ ಸ್ವಾರಸ್ಯ ಇರುವುದು ಗಿಡದಿಂದ ಗಿಡಕ್ಕೆ ಬಿಡುವ ಅಂತರದಲ್ಲಿ. ಪಕ್ಕದಲ್ಲಿ ಇನ್ನೊಂದು ಗಿಡ ಇದೆ ಎಂದು ಗಿಡಕ್ಕೆ ಗೊತ್ತಾಗುತ್ತದೆ. ಎಲೆಗಳು ಕೆಂಪು ಬೆಳಕನ್ನು ಹೀರಿಕೊಳ್ಳುತ್ತವೆ. ಕೆಂಪಿನಿಂದ ತುಸು ಆಚೆಗಿನ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ದೂರಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಚೆಲ್ಲುತ್ತವೆ. ಈ ಎರಡರ ಪ್ರಮಾಣವನ್ನು ಗುರುತಿಸಲು ಗಿಡದಲ್ಲಿ ಫೈಟೋಕ್ರೋಮ್ ಎಂಬ ಪ್ರೋಟೀನ್ ಇದೆ. ದೂರಕೆಂಪಿನ ಪಾಲು ಹೆಚ್ಚಾದರೆ ನೆರೆಯ ಗಿಡ ಹತ್ತಿರ ಬಂದಿದೆ ಎಂದೇ ಅರ್ಥ. ನೆರಳು ಮೈಮೇಲೆ ಬೀಳುವ ಮೊದಲೇ ಗಿಡ ದಂಟನ್ನು ಚಾಚಲು ಶುರು ಮಾಡುತ್ತದೆ. ಹೂದಾನಿಗೆ ನಮಗೆ ಬೇಕಾದದ್ದೂ ಅದೇ ಅಲ್ವಾ? ಒಂದೇ ದಂಟಿನ ಸೂರ್ಯಕಾಂತಿಯನ್ನು 15 ಸೆಂಟಿಮೀಟರ್ ಅಂತರದಲ್ಲಿ ಬಿತ್ತಿದರೆ ಸಪೂರ ದಂಟಿನ ಮೇಲೆ ಹೂದಾನಿಗೆ ಹೊಂದುವ ಸಣ್ಣ ಹೂ ಬರುತ್ತದೆ. ದೂರ ದೂರ ಬಿತ್ತಿದರೆ ಹೂ ತಟ್ಟೆಯಗಲ ಆಗಬಹುದು, ಅಂಥದ್ದನ್ನು ಜೋಡಿಸುವುದು ಕಷ್ಟ. ಜಿನ್ನಿಯಾಕ್ಕೆ ಇಷ್ಟು ಒತ್ತು ಬೇಡ. ಗಾಳಿ ಆಡದಿದ್ದರೆ ಅದಕ್ಕೆ ಬೂದಿರೋಗ ಬೇಗ ಹತ್ತುತ್ತದೆ. 25ರಿಂದ 30 ಸೆಂಟಿಮೀಟರ್ ಬಿಡುವುದು ಒಳ್ಳೆಯದು.

ಮುಂದಿನ ಕೆಲಸಕ್ಕೆ ಹೊಸಬರ ಕೈ ಹಿಂಜರಿಯುತ್ತದೆ. ಜಿನ್ನಿಯಾ, ಡೇಲಿಯಾ, ಕಾಸ್ಮಾಸ್ ಸಸಿಗಳು ಒಂದು ಗೇಣಿಗಿಂತ ತುಸು ಎತ್ತರ ಬಂದಾಗ, ಮೂರ್ನಾಲ್ಕು ಜೋಡಿ ಎಲೆ ಬಿಟ್ಟು ಕುಡಿ ಚಿವುಟಬೇಕು. ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನ್ ಕೆಳಕ್ಕೆ ಹರಿಯುತ್ತಾ, ಎಲೆಯ ಕಂಕುಳಲ್ಲಿರುವ ಮೊಗ್ಗುಗಳನ್ನು ಬೆಳೆಯದಂತೆ ತಡೆದಿರುತ್ತದೆ. 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಕುಡಿ ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಕೊಟ್ಟು ನೋಡಿದರು. ಕುಡಿ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಸುಮ್ಮನೇ ಉಳಿದವು. 2014ರಲ್ಲಿ ಬಟಾಣಿ ಗಿಡಗಳಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಕುಡಿ ಹೋದೊಡನೆ ಅದಕ್ಕೆ ಸಲ್ಲುತ್ತಿದ್ದ ಸಕ್ಕರೆ ಕಂಕುಳ ಮೊಗ್ಗುಗಳಿಗೆ ಹರಿಯುತ್ತದೆ, ಮೊದಲು ಅವನ್ನು ಎಬ್ಬಿಸುವುದು ಅದೇ. ಒಟ್ಟಿನಲ್ಲಿ, ಒಂದು ಕುಡಿ ಕೊಟ್ಟರೆ ಹಲವು ದಂಟು ಸಿಗುತ್ತದೆ. ಒಂಟಿದಂಟಿನ ಸೂರ್ಯಕಾಂತಿಗೆ ಮಾತ್ರ ಇದನ್ನು ಮಾಡಲೇಬೇಡಿ, ಇರುವ ಒಂದು ಹೂವೂ ಹೋಗುತ್ತದೆ. ಅದನ್ನು ಹತ್ತು-ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತುತ್ತಾ ಹೋಗುವುದು ದಾರಿ.

ಇನ್ನು ಕಾಲದ ಲೆಕ್ಕ. ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ಅವರ ಬಳಿ ಒಂದು ತಳಿಯ ತಂಬಾಕು ಇತ್ತು. ಬೇಸಿಗೆಯಿಡೀ ಎತ್ತರಕ್ಕೆ ಬೆಳೆಯುತ್ತಲೇ ಇತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಹಗಲನ್ನು ಕೃತಕವಾಗಿ ಕಿರಿದು ಮಾಡಿದಾಗ ಹೂ ಬಿಟ್ಟಿತು. 1920ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗಿಡ ಅಳೆಯುವುದು ಹಗಲನ್ನಲ್ಲ, ಕತ್ತಲೆಯ ಉದ್ದವನ್ನು ಎಂದು ಮುಂದೆ ತಿಳಿಯಿತು. ಅಲ್ಲಿಯೂ ಕೆಲಸ ಮಾಡುವುದು ಇದೇ ಫೈಟೋಕ್ರೋಮ್! ಸೇವಂತಿಗೆಗೆ ಉದ್ದ ರಾತ್ರಿ ಬೇಕು. ರಾತ್ರಿಯಿಡೀ ದೀಪ ಉರಿಯುವ ಕಡೆ ನೆಟ್ಟರೆ ಅದು ಮೊಗ್ಗು ಕಟ್ಟದೆ ಉಳಿಯಬಹುದು. ತೀರಾ ತಡವಾಗಿ ನೆಟ್ಟರೂ ಸೋಲೇ. ದಂಟು ಬೆಳೆಯುವ ಮೊದಲೇ ಉದ್ದ ರಾತ್ರಿಗಳು ಬಂದುಬಿಡುತ್ತವೆ, ಗಿಡ ಗಿಡ್ಡಕ್ಕೇ ಹೂ ಬಿಡುತ್ತದೆ.

ಕೊಯ್ಯಲು ಮುಂಜಾನೆ ಒಳ್ಳೆಯ ಹೊತ್ತು. ರಾತ್ರಿ ಕುಡಿದ ನೀರಿನಿಂದ ದಂಟು ಬಿಗಿಯಾಗಿರುತ್ತದೆ. ಯಾವ ಹದದಲ್ಲಿ ಕೊಯ್ಯಬೇಕು ಅನ್ನುವುದು ಹೂವಿನಿಂದ ಹೂವಿಗೆ ಬೇರೆ. ಗ್ಲಾಡಿಯೋಲಸ್‌ನ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿಸಿದರೆ ಸಾಕು, ಉಳಿದವು ನೀರಿನಲ್ಲಿ ಒಂದೊಂದಾಗಿ ಅರಳುತ್ತವೆ. ಡೇಲಿಯಾ ಹಾಗಲ್ಲ. ಕೊಯ್ದ ಮೇಲೆ ಅದು ಹೆಚ್ಚು ಅರಳುವುದಿಲ್ಲ, ಗಿಡದಲ್ಲೇ ಮುಕ್ಕಾಲು ಪಾಲು ಅರಳಲು ಬಿಡಬೇಕು. ಜಿನ್ನಿಯಾಕ್ಕೆ ಒಂದು ಪರೀಕ್ಷೆ ಇದೆ. ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಅಲ್ಲಾಡಿಸಿ. ಕತ್ತು ಓಲಾಡಿದರೆ ಇನ್ನೂ ಎಳಸು, ನೆಟ್ಟಗೆ ನಿಂತರೆ ಕೊಯ್ಯಿರಿ. ಕತ್ತರಿಸುವಾಗ ಮೇಲೆ ಮೇಲೆ ಬೇಡ. ಕೆಳಗೆ, ಎಲೆಜೋಡಿಯೊಂದರ ಮೇಲಕ್ಕೇ ಕತ್ತರಿಸಿದರೆ ಮುಂದಿನ ದಂಟೂ ಉದ್ದಕ್ಕೆ ಬರುತ್ತದೆ. ಬಾಡಿದ ಹೂವನ್ನೂ ಗಿಡದಲ್ಲಿ ಬಿಡಬೇಡಿ. ಬೀಜ ಬಲಿಯತೊಡಗಿದರೆ ಗಿಡದ ಶಕ್ತಿ ಆ ಕಡೆ ಹೋಗುತ್ತದೆ, ಹೊಸ ಹೂ ಕಡಿಮೆಯಾಗುತ್ತದೆ.

ಕೊಯ್ದ ಹೂ ಸತ್ತಿಲ್ಲ. ಉಸಿರಾಡುತ್ತದೆ, ನೀರು ಎಳೆಯುತ್ತದೆ, ಉಳಿದ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಅದರ ದೊಡ್ಡ ಶತ್ರು ಕೊಳೆತ ನೀರು. ಬ್ಯಾಕ್ಟೀರಿಯಾ ಬೆಳೆದು ದಂಟಿನ ನೀರಿನ ನಾಳಗಳನ್ನು ಮುಚ್ಚುತ್ತವೆ. ಆಗ ಹೂದಾನಿ ತುಂಬಾ ನೀರಿದ್ದರೂ ಹೂ ಬಾಯಾರಿ ಬಾಡುತ್ತದೆ. ನೀರಿಗೆ ತಾಗುವ ಎಲೆಗಳನ್ನು ಕಿತ್ತುಹಾಕಿ, ಹೂದಾನಿಯನ್ನು ಉಜ್ಜಿ ತೊಳೆಯಿರಿ, ದಿನ ಬಿಟ್ಟು ದಿನ ನೀರು ಬದಲಿಸಿ ದಂಟಿನ ತುದಿಯನ್ನು ಹೊಸದಾಗಿ ಕತ್ತರಿಸಿ. ಬರೀ ಸಕ್ಕರೆ ಹಾಕಿದರೆ ಅದು ಬ್ಯಾಕ್ಟೀರಿಯಾಕ್ಕೇ ಊಟ. ಅಂಗಡಿಯ ಹೂವಿನ ಪುಡಿಯಲ್ಲಿ ಸಕ್ಕರೆಯ ಜೊತೆ ಆಮ್ಲವೂ ಕ್ರಿಮಿನಾಶಕವೂ ಇರುವುದು ಇದಕ್ಕೇ.

ಮಾಗುತ್ತಿರುವ ಹಣ್ಣಿನ ಬುಟ್ಟಿಯ ಪಕ್ಕ ಹೂದಾನಿ ಇಡಬೇಡಿ. ಬಾಳೆಹಣ್ಣು, ಸೇಬು ಬಿಡುವ ಎಥಿಲೀನ್ ಅನಿಲ ತಾಗಿದರೆ ಕಾರ್ನೇಷನ್ ಹೂ ಬೇಗನೆ ಮುದುಡಿಕೊಳ್ಳುತ್ತದೆ. ಕೊಯ್ದ ಗ್ಲಾಡಿಯೋಲಸ್ಸನ್ನು ಅಡ್ಡ ಮಲಗಿಸಿಯೂ ಇಡಬೇಡಿ. ಗುರುತ್ವದ ದಿಕ್ಕು ಅದಕ್ಕೆ ಆಗಲೂ ತಿಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ತುದಿ ಮೇಲಕ್ಕೆ ಬಾಗುತ್ತದೆ, ಒಮ್ಮೆ ಬಾಗಿದ ದಂಟನ್ನು ಮತ್ತೆ ನೆಟ್ಟಗೆ ಮಾಡುವುದು ಕಷ್ಟ.