ಲಾಹೋರಿನ ಚಿಕಣಿ ಚಿತ್ರಕ್ಕೆ ಮರುಜೀವ ಬಂದದ್ದು ಹೇಗೆ?

ಚಿಕಣಿ, ಅಂದರೆ ಪುಟ್ಟ ಅಳತೆಯ ನಾಜೂಕು ಚಿತ್ರ ಬರೆಯುವ ಪಾಕಿಸ್ತಾನ ಮೂಲದ ಶಾಜಿಯಾ ಸಿಕಂದರ್ ಹೆಸರು ಬಂದಲ್ಲೆಲ್ಲ ‘ಮೊಘಲ್ ಪರಂಪರೆಯ ಕಲಾವಿದೆ’ ಅನ್ನುವ ಮಾತೂ ಬರುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಅಕ್ಬರನ ‘ಕಾರ್ಖಾನೆ’ಯಿಂದ, ಅಂದರೆ ಆಸ್ಥಾನದ ಚಿತ್ರಶಾಲೆಯಿಂದ, ನೇರವಾಗಿ ಅವರ ಕೈಗೆ ಇಳಿದ ವಿದ್ಯೆ ಅದಲ್ಲ. ನಡುವೆ ಒಂದು ಕಾಲೇಜಿದೆ, ಒಂದು ಸಿಲಬಸ್ ಇದೆ.

ಹುಮಾಯೂನ್ ಪರ್ಷಿಯಾದಿಂದ ಮೀರ್ ಸಯ್ಯದ್ ಅಲಿ, ಅಬ್ದುಸ್ ಸಮದ್ ಎಂಬ ಇಬ್ಬರು ಉಸ್ತಾದರನ್ನು ಕರೆಸಿಕೊಂಡಿದ್ದ. ಅಕ್ಬರನ ಕಾಲಕ್ಕೆ ಅವರ ಕೈಕೆಳಗೆ ಇಲ್ಲಿನ ಚಿತ್ರಕಾರರೂ ಸೇರಿ ದೊಡ್ಡ ಕಾರ್ಖಾನೆಯೇ ಬೆಳೆಯಿತು. ನಮ್ಮ ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲೂ ಪರ್ಷಿಯನ್ ಶೈಲಿ ದಖನಿ ಬಣ್ಣ ಪಡೆಯಿತು. ಬಾದಶಾಹಿ ಮುಗಿದ ಮೇಲೆ ಚಿತ್ರಕಾರರು ಚದುರಿದರು, ಎಷ್ಟೋ ಆಲ್ಬಮ್‌ಗಳು ಲಂಡನ್ ಸೇರಿದವು.

1875ರಲ್ಲಿ ಬ್ರಿಟಿಷರು ಲಾಹೋರಿನಲ್ಲಿ ತೆರೆದ ಮೇಯೋ ಕಲಾಶಾಲೆಯೇ ಈಗಿನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್. ಪಟಿಯಾಲ ದರ್ಬಾರಿನ ಚಿತ್ರಕಾರರ ಮನೆತನದ ಹಾಜಿ ಮುಹಮ್ಮದ್ ಶರೀಫ್ ಅಲ್ಲಿ ಪಾಠ ಹೇಳಿದರು. 1980ರ ದಶಕದಲ್ಲಿ ಅವರ ಶಿಷ್ಯ ಬಶೀರ್ ಅಹ್ಮದ್ ಚಿಕಣಿ ಚಿತ್ರಕಲೆಯನ್ನು ಪದವಿ ಮಟ್ಟದ ವಿಷಯವಾಗಿ ನಿಲ್ಲಿಸಿದರು.

ಓದು ಅಂದರೆ ನೆಲದ ಮೇಲೆ ಕೂತು ಮಾಡುವ ಕೆಲಸ. ಹಾಳೆಯ ಮೇಲೆ ಹಾಳೆ ಅಂಟಿಸಿ ‘ವಸ್ಲಿ’ ಮಾಡಬೇಕು, ಅದು ನುಣುಪಾಗುವ ತನಕ ಉಜ್ಜಬೇಕು. ಆಮೇಲೆ ಅಳಿಲಿನ ಕೂದಲಿನ ಕುಂಚದಲ್ಲಿ ಚುಕ್ಕಿ ಪಕ್ಕ ಚುಕ್ಕಿ ಇಟ್ಟು ಮುಖಕ್ಕೆ ನೆರಳು ತುಂಬಬೇಕು. ಇದಕ್ಕೆ ‘ಪರ್ದಾಖ್ತ್’ ಅಂತಾರೆ. ಜೊತೆಗೆ ಹಳೇ ಚಿತ್ರಗಳ ನಕಲು, ಅದೂ ಜಾಸ್ತಿ. ಪ್ರವಾಸಿಗರಿಗೆ ಮಾರುವ ಸರಕು ಇದು, ಕಲೆಯಲ್ಲ ಎಂದು ಮೂಗು ಮುರಿಯುವವರೂ ಇದ್ದರು.

1969ರಲ್ಲಿ ಹುಟ್ಟಿದ ಸಿಕಂದರ್ ಬೇಕಂತಲೇ ಇದನ್ನು ಆರಿಸಿಕೊಂಡರು. ಪದವಿಗಾಗಿ 1989–90ರಲ್ಲಿ ಬರೆದ ‘ದಿ ಸ್ಕ್ರೋಲ್’ ಐದು ಅಡಿಗಿಂತ ಉದ್ದ. ಕಾಗದಕ್ಕೆ ಚಹಾದ ಬಣ್ಣವೂ ಬಿದ್ದಿದೆ. ಅದರಲ್ಲಿ ರಾಜ, ಬೇಟೆ ಯಾವುದೂ ಇಲ್ಲ. ಇರುವುದು ಒಂದು ಮನೆ. ಬಿಳಿ ಬಟ್ಟೆಯ ಹುಡುಗಿ ಕೋಣೆಯಿಂದ ಕೋಣೆಗೆ ಓಡಾಡುತ್ತಾಳೆ. ಮೈ ಅರೆ ಪಾರದರ್ಶಕ, ಮುಖ ಮಾತ್ರ ಕಾಣುವುದೇ ಇಲ್ಲ. ಕೊನೆಗೆ ಅವಳೇ ನಿಂತು ಚಿತ್ರ ಬರೆಯುತ್ತಿರುತ್ತಾಳೆ. ನಕಲು ಮಾಡಿ ಕಲಿತ ಕೈಯೇ ಇದನ್ನೂ ಬರೆದದ್ದು ಅಲ್ವಾ? ನನಗೆ ಇಷ್ಟವಾಗುವುದೇ ಅದು.

ಆಮೇಲೆ ಸಿಕಂದರ್ ಹೋದದ್ದು ಅಮೆರಿಕಕ್ಕೆ, 2006ರಲ್ಲಿ ಅಲ್ಲಿನ ಹೆಸರಾಂತ ಮ್ಯಾಕ್‌ಆರ್ಥರ್ ಫೆಲೋಶಿಪ್ ಕೂಡ ಸಿಕ್ಕಿತು. ಅಷ್ಟರೊಳಗೆ ಚಿಕಣಿ ಚಿತ್ರ ಅವರ ಕೈಯಲ್ಲಿ ಅನಿಮೇಷನ್ ಕೂಡ ಆಗಿತ್ತು. 2003ರ ‘ಸ್ಪಿನ್’ನಲ್ಲಿ ಮೊಘಲ್ ದರ್ಬಾರಿನೊಳಗೆ ಗೋಪಿಕೆಯರು ತುಂಬಿಕೊಳ್ಳುತ್ತಾರೆ. ಅವರ ಮುಡಿ ಮೈಯಿಂದ ಬೇರೆಯಾಗಿ ಹಕ್ಕಿಗಳ ಹಿಂಡಿನಂತೆ ಹಾರುತ್ತದೆ.

ಲಾಹೋರಿನ ಅದೇ ಕಾಲೇಜಿನಲ್ಲಿ ಕಲಿತ ಇಮ್ರಾನ್ ಖುರೇಶಿ ಅದೇ 2003ರಲ್ಲಿ ಇನ್ನೊಂದು ದಾರಿ ಹಿಡಿದರು. ಅವರೂ ಸೇರಿ, ಬೇರೆಬೇರೆ ದೇಶಗಳಲ್ಲಿದ್ದ ಆರು ಕಲಾವಿದರು ಎರಡೆರಡು ವಸ್ಲಿ ಶುರು ಮಾಡಿ, ಒಬ್ಬರಿಂದ ಒಬ್ಬರಿಗೆ ಕಳಿಸಿ, ಪ್ರತಿಯೊಬ್ಬರೂ ಒಂದೊಂದು ಪದರ ಸೇರಿಸಿ ಹನ್ನೆರಡು ಚಿತ್ರ ಮುಗಿಸಿದರು. ಅದಕ್ಕಿಟ್ಟ ಹೆಸರು ‘ಕಾರ್ಖಾನಾ’.