ಮಾವನ ಒಸಡಿನ ಗಂಟೂ ಪೆರುವಿನ ತಿಮಿಂಗಿಲವೂ

ಮೊನ್ನೆ ಬದಿಯಡ್ಕ ಕಡೆಯ ಮಾವ ಒಬ್ಬರು ಕ್ಲಿನಿಕ್ಕಿಗೆ ಬಂದಿದ್ದರು. ಅಡಿಕೆ ತೋಟದವರು, ಬಾಯಲ್ಲಿ ಎಲೆ ಅಡಿಕೆ ಇಲ್ಲದ ಹೊತ್ತು ಕಡಿಮೆ. ಕುರ್ಚಿಯಲ್ಲಿ ಕೂತವರೇ ಬೆರಳಲ್ಲಿ ಕೆನ್ನೆ ಎಳೆದು ಹಿಡಿದು, "ಡಾಕ್ಟ್ರೇ, ಇದೆಂತ? ಕ್ಯಾನ್ಸರಾ?" ಅಂದರು.

ಮೇಲಿನ ದವಡೆಯಲ್ಲಿ, ಕೆನ್ನೆ ಕಡೆಗೆ, ಸಾಲಾಗಿ ಮೂರು ಗಂಟು. ಹಿಂದಿನದು ಎಲ್ಲಕ್ಕಿಂತ ದಪ್ಪ. ಒತ್ತಿದರೆ ಕಲ್ಲು. ನೋವಿಲ್ಲ, ಹುಣ್ಣಿಲ್ಲ. ಹಲ್ಲುಗಳು ಮಾತ್ರ ಸವೆದು ಚಪ್ಪಟೆ.

ಎಕ್ಸ್‌ರೇ ನೋಡಿ, "ಕ್ಯಾನ್ಸರ್ ಅಲ್ಲ ಮಾವ, ಎಲುಬು ಬೆಳೆದಿದೆ ಅಷ್ಟೇ" ಅಂದೆ. ಎಕ್ಸಾಸ್ಟೋಸಿಸ್ ಅಂತ ಇದರ ಹೆಸರು. ಮನೆತನದಿಂದಲೂ ಬರುತ್ತದೆ, ಹಲ್ಲಿನ ಮೇಲೆ ಜಾಸ್ತಿ ಭಾರ ಬೀಳುವವರಲ್ಲೂ ಕಾಣುತ್ತದೆ. ತೊಂದರೆ ಕೊಡದಿದ್ದರೆ ನಾವು ಮುಟ್ಟುವುದಿಲ್ಲ. (ಅಡಿಕೆ ಬಿಡಿ ಅಂತಲೂ ಹೇಳಿದೆ, ತೋಟದವರಿಗೆ ಅದನ್ನು ಹೇಳುವುದು ಸುಲಭ ಅಲ್ಲ.)

ಇಂಥದ್ದೇ ಗಂಟು ಸುಮಾರು 1 ಕೋಟಿ ವರ್ಷದ ಹಿಂದೆ ಒಂದು ತಿಮಿಂಗಿಲಕ್ಕೂ ಇತ್ತು. ಹೆಸರು ಅಕ್ರೋಫೈಸೆಟರ್. ಪೆರು ದೇಶದ ದಕ್ಷಿಣ ಕರಾವಳಿಯ ಮರುಭೂಮಿಯಲ್ಲಿ ಸಿಕ್ಕಿದ್ದು, 2008ರಲ್ಲಿ ಹೆಸರಿಟ್ಟದ್ದು. ಉದ್ದ 4 ಮೀಟರ್ ಚಿಲ್ಲರೆ, ನಮ್ಮ ಬೊಲೆರೋ ಜೀಪಿನಷ್ಟು. ಸ್ಪರ್ಮ್ ತಿಮಿಂಗಿಲದ ಬಳಗ ಇದು. ಪೊಲೀಸರು ಹಿಡಿದರು ಅಂತ ಪೇಪರಲ್ಲಿ ಬರುವ 'ತಿಮಿಂಗಿಲ ವಾಂತಿ' ಇದೆಯಲ್ಲ, ಅದರ ಯಜಮಾನನೇ ಸ್ಪರ್ಮ್ ತಿಮಿಂಗಿಲ.

ಈಗಿನ ಸ್ಪರ್ಮ್ ತಿಮಿಂಗಿಲಕ್ಕೆ ಸರಿಯಾದ ಹಲ್ಲಿರುವುದು ಕೆಳದವಡೆಯಲ್ಲಿ ಮಾತ್ರ. ಮೇಲಿನವು ಹೆಚ್ಚಾಗಿ ಒಸಡಿನೊಳಗೇ ಉಳಿಯುತ್ತವೆ. ಬೊಂಡಾಸನ್ನು (ಸ್ಕ್ವಿಡ್) ಅದು ಕಚ್ಚುವುದಕ್ಕಿಂತ ಹೀರಿ ನುಂಗುವುದೇ ಹೆಚ್ಚು, ದವಡೆ ಸೊಟ್ಟಗಾದ ತಿಮಿಂಗಿಲಗಳೂ ಹೊಟ್ಟೆ ತುಂಬ ತಿಂದು ದಷ್ಟಪುಷ್ಟವಾಗಿದ್ದದ್ದು ಹಿಂದೆ ಬೇಟೆಗಾರರ ಕಣ್ಣಿಗೇ ಬಿದ್ದಿದೆ. ಅಕ್ರೋಫೈಸೆಟರ್‌ಗೆ ಎರಡೂ ದವಡೆಯಲ್ಲಿ ದಪ್ಪ ಹಲ್ಲು. ಕಚ್ಚಿಯೇ ತಿನ್ನುತ್ತಿತ್ತು ಅಂತ ಆಕಾರ ನೋಡಿ ಅಂದಾಜು ಮಾಡಿದ್ದರು, ಆದರೆ ಹಲ್ಲನ್ನು ನಿಜಕ್ಕೂ ಬಳಸಿತ್ತು ಅನ್ನುವುದಕ್ಕೆ ಗುರುತು ಬೇಕಲ್ವಾ?

ಅದು ಸಿಕ್ಕಿದ್ದು 2014ರಲ್ಲಿ ವರದಿಯಾದ ಅಕ್ರೋಫೈಸೆಟರ್‌ನ ಒಂದು ತಲೆಬುರುಡೆಯಲ್ಲಿ. ಮೇಲಿನ ಹಲ್ಲುಗಳ ಪಕ್ಕ, ಕೆನ್ನೆ ಕಡೆಗೆ, ಎಲುಬಿನ ಗಂಟುಗಳು. ಹಲ್ಲಿನ ಬೇರು ಗುಳಿಯಿಂದ ಹೊರಗೆ ಎದ್ದಿರುವಲ್ಲಿ ಅವು ಒತ್ತಿಕೊಂಡು ನಿಂತಿವೆ, ಗೊನೆ ಬಿಟ್ಟ ಬಾಳೆಗೆ ಕೋಲು ಊರಿ ಕೊಟ್ಟ ಹಾಗೆ. ಬಲವಾಗಿ ಕಚ್ಚಿ ಕಚ್ಚಿ ಬೆಳೆದ ಆಸರೆ ಇದು ಅನ್ನುತ್ತಾರೆ ಸಂಶೋಧಕರು. ಇದೇ ಆಧಾರದ ಮೇಲೆ ಅದೇ ಬಳಗದ, ಈಗ ಅಳಿದುಹೋದ, 36 ಸೆಂಟಿಮೀಟರ್ ಹಲ್ಲಿನ ಲಿವ್ಯಾಟನ್ ತಿಮಿಂಗಿಲ ಕೂಡ ಕಚ್ಚುವ ಜಾತಿಯದ್ದೇ ಅನ್ನುವ ವಾದಕ್ಕೆ ಬಲ ಬಂತು. ಕಡಲಿನ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುವ, ಈಗ ಓರ್ಕಾ (ಕಿಲ್ಲರ್ ವೇಲ್) ಮಾಡುವ ಕೆಲಸವನ್ನು ಆಗ ಇವು ಮಾಡುತ್ತಿದ್ದವು.

ಅಕ್ರೋಫೈಸೆಟರ್‌ನಲ್ಲೂ ಹಿಂದಿನ ಹಲ್ಲಿನ ಗಂಟೇ ದಪ್ಪ. ಮಾವನಿಗೆ ಮೊಬೈಲಲ್ಲಿ ಫೋಟೋ ತೋರಿಸಿದೆ. ಕನ್ನಡಕ ಮೇಲೇರಿಸಿ ತುಂಬ ಹೊತ್ತು ನೋಡಿದರು. "ಅದಕ್ಕೆ ಅಡಿಕೆ ಎಲ್ಲಿ ಸಿಕ್ಕಿತು ಮಾರಾಯ್ರೇ?"